‘ಪುನಃ’ ಎಂಬ ಪದ: ರುಖ್ಮಾಬಾಯಿಯ ಮೊಕದ್ದಮೆಯ ಒಂದು ಅಧ್ಯಯನ

ವಸಾಹತು ಆಡಳಿತವು ಭಾರತದ ಹೆಣ್ಣನ್ನು ಮನೆಯೊಳಗಿನ ಕ್ರೌರ್ಯದಿಂದ ಬಿಡಿಸಿತೆಂಬ ವಾದವೂ, ಆ ಆಡಳಿತವೇ ಹಿಂದೂ ಕುಟುಂಬದ ನೆಮ್ಮದಿಯನ್ನು ಕೆಡಿಸಿತೆಂಬ ವಾದವೂ ಹತ್ತೊಂಬತ್ತನೆಯ ಶತಮಾನದ ಚರ್ಚೆಗಳಲ್ಲಿ ಜೊತೆಜೊತೆಯಾಗಿ ಕೇಳಿಬರುತ್ತವೆ. ದಾದಾಜಿ ಭಿಕಾಜಿ ಎಂಬಾತನು ರುಖ್ಮಾಬಾಯಿಯ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು ಪರಿಶೀಲಿಸಿದರೆ ಎರಡೂ ಅರೆಸತ್ಯಗಳೆಂಬುದು ತಿಳಿಯುತ್ತದೆ. ಅಲ್ಲಿ ಪರಕೀಯರ ಕಾನೂನು ಮತ್ತು ಸ್ವದೇಶದ ಪುರುಷಾಧಿಕಾರ ಎದುರಾಳಿಗಳಾಗಿರಲಿಲ್ಲ. ಒಂದರ ಕೈಗೆ ಇನ್ನೊಂದು ಬಲ ಕೊಟ್ಟಿತು.

ರುಖ್ಮಾಬಾಯಿ 1864ರಲ್ಲಿ ಮುಂಬಯಿಯ ಬಡಗಿ ಸಮುದಾಯದ ಕುಟುಂಬವೊಂದರಲ್ಲಿ ಜನಿಸಿದಳು. ಎಳವೆಯಲ್ಲಿಯೇ ತಂದೆ ತೀರಿಕೊಂಡನು. ವಿಧವಾವಿವಾಹಕ್ಕೆ ಆ ಸಮುದಾಯದಲ್ಲಿ ಅಡ್ಡಿಯಿರಲಿಲ್ಲವಾದ್ದರಿಂದ ತಾಯಿ ಜಯಂತೀಬಾಯಿ ವೈದ್ಯರಾಗಿದ್ದ ಸಖಾರಾಮ್ ಅರ್ಜುನ್ ಅವರನ್ನು ಮರುಮದುವೆಯಾದಳು. ಅದಕ್ಕೆ ಮೊದಲು ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿಸಿದಳು. ಹನ್ನೊಂದನೆಯ ವಯಸ್ಸಿನಲ್ಲಿ ರುಖ್ಮಾಬಾಯಿಯನ್ನು ಹತ್ತೊಂಬತ್ತರ ದಾದಾಜಿಗೆ ಧಾರೆಯೆರೆದು ಕೊಡಲಾಯಿತು. ಎಳೆಯ ಹುಡುಗಿಯನ್ನು ಗಂಡನ ಮನೆಗೆ ಕಳುಹಿಸಲು ವೈದ್ಯನಾದ ಮಲತಂದೆ ಒಪ್ಪಲಿಲ್ಲ. ಆಕೆ ತವರಿನಲ್ಲಿಯೇ ಉಳಿದು ಓದಿ ಬೆಳೆದಳು. ದಾದಾಜಿಯೊಡನೆ ಒಂದು ದಿನವೂ ಸಂಸಾರ ಮಾಡಲಿಲ್ಲ. 1884ರಲ್ಲಿ ಆತನು ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ಯನ್ನು ಕೋರಿ ಕಾನೂನಿನ ಮೊರೆ ಹೊಕ್ಕನು.

ಭಾಷೆಯ ವಿದ್ಯಾರ್ಥಿಗಳು ಇಲ್ಲಿ ‘ಪುನಃ’ ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ಇದ್ದು ಕಳೆದುಹೋದುದನ್ನು ಮಾತ್ರ ಪುನಃ ಸ್ಥಾಪಿಸಬಹುದು. 1885ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಪಿನ್ಹೆ ಹಿಡಿದ ಎಳೆಯೂ ಇದೇ. ಎಂದೂ ಕೂಡಿ ಬಾಳದವರ ನಡುವೆ ಮರಳಿ ಸ್ಥಾಪಿಸಬೇಕಾದುದು ಏನಿದೆ? ಇಷ್ಟವಿಲ್ಲದ ತರುಣಿಯನ್ನು ಬಲವಂತವಾಗಿ ಒಬ್ಬ ಪುರುಷನ ವಶಕ್ಕೆ ಒಪ್ಪಿಸುವುದು ಅಮಾನುಷವೆಂದು ಹೇಳಿ ಅವರು ದಾವೆಯನ್ನು ವಜಾ ಮಾಡಿದರು. ಇಂಥ ದಾವೆಗೆ ಹಿಂದೂ ಧರ್ಮಶಾಸ್ತ್ರದಲ್ಲಿ ಆಧಾರವೇ ಇಲ್ಲ, ಅದು ಇಂಗ್ಲೆಂಡಿನಿಂದ ತಂದು ಇಲ್ಲಿ ನೆಟ್ಟ ಸಸಿ ಎಂಬುದನ್ನೂ ಅವರು ಎತ್ತಿ ತೋರಿದರು.

ಆ ಸಸಿಯ ಬೇರು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿತ್ತು. ಸಂಗಾತಿಯನ್ನು ತೊರೆದು ಹೋದವರು ಮರಳದಿದ್ದರೆ ಅವರಿಗೆ ಧರ್ಮಬಹಿಷ್ಕಾರ ವಿಧಿಸಲಾಗುತ್ತಿತ್ತು. 1813ರ ಶಾಸನವು ಬಹಿಷ್ಕಾರದ ಬದಲು ಆರು ತಿಂಗಳವರೆಗಿನ ಸೆರೆವಾಸವನ್ನು ತಂದಿತು. ಸೆರೆವಾಸವು ಅಲ್ಲಿ ಹೋದ ಬಗೆ ಸ್ವಾರಸ್ಯಕರವಾಗಿದೆ: ಜಾರ್ಜಿನಾ ವೆಲ್ಡನ್ ಎಂಬಾಕೆ ಗಂಡನ ವಿರುದ್ಧವೇ ಇಂಥ ಆಜ್ಞೆಯನ್ನು ಪಡೆದು, ಆತನು ಸೆರೆಗೆ ಹೋಗುವ ಸಂದರ್ಭ ಒದಗಿದಾಗ, ಪಾರ್ಲಿಮೆಂಟು 1884ರಲ್ಲಿ ಆ ಶಿಕ್ಷೆಯನ್ನು ತೆಗೆದುಹಾಕಿತು. ಗಂಡನ ಕಾಲಿಗೆ ಬೇಡಿ ಬೀಳುವಂತಾದಾಗ ಶಾಸಕರಿಗೆ ಕಾನೂನಿನ ಕ್ರೌರ್ಯ ಕಣ್ಣಿಗೆ ಬಿದ್ದಿತೆನ್ನಬೇಕು. ಸಾಮ್ರಾಜ್ಯದ ಈ ಭಾಗದಲ್ಲಿ ಮಾತ್ರ ಬೇಡಿ ಹಾಗೆಯೇ ಉಳಿಯಿತು.

ಪಿನ್ಹೆಯವರ ತೀರ್ಪಿನ ವಿರುದ್ಧ ಪುಣೆ ಮುಂಬಯಿಗಳ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಬಾಲಗಂಗಾಧರ ತಿಲಕರೂ ತೀರ್ಪನ್ನು ಖಂಡಿಸಿದರು. ಪರಕೀಯ ನ್ಯಾಯಾಧೀಶನು ಹಿಂದೂ ವಿವಾಹದ ಪಾವಿತ್ರ್ಯದಲ್ಲಿ ಕೈಹಾಕಿದನೆಂಬುದು ವಿರೋಧಿಗಳ ಆಕ್ಷೇಪ. ಇದರೊಳಗಿನ ವಿಪರ್ಯಾಸವನ್ನು ಗಮನಿಸಬೇಕು. ಸ್ವಧರ್ಮವೆಂದು ಅವರು ಕಾಯಹೊರಟ ಅಸ್ತ್ರವು ಆಂಗ್ಲ ಚರ್ಚಿನ ಕಮ್ಮಟದಲ್ಲಿ ತಯಾರಾದುದು. ಅದು ಪರದೇಶದ್ದೆಂದು ಹೇಳಿದವನು ಆ ಪರದೇಶದ ನ್ಯಾಯಾಧೀಶ. ಆ ವೇಳೆಗೆ ರುಖ್ಮಾಬಾಯಿ ‘ಹಿಂದೂ ಮಹಿಳೆ’ ಎಂಬ ಅಂಕಿತದಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಬಾಲ್ಯವಿವಾಹ ಮತ್ತು ವೈಧವ್ಯಗಳನ್ನು ಕುರಿತು ಪತ್ರಗಳನ್ನು ಬರೆದಿದ್ದಳು. ಹೆಣ್ಣಿನ ಪರವಾಗಿ ಇತರರು ಮಾತನಾಡುತ್ತಿದ್ದ ಕಾಲದಲ್ಲಿ ಆಕೆ ತನ್ನ ಮಾತನ್ನು ತಾನೇ ಆಡಿದಳೆಂಬುದು ಈ ಪ್ರಕರಣದ ನಿಜವಾದ ಹಿರಿಮೆ.

1886ರಲ್ಲಿ ಮೇಲ್ಮನವಿಯನ್ನು ಆಲಿಸಿದ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ, ವಿವಾಹವು ಸಿಂಧುವಾಗಿರುವವರೆಗೆ ದಾವೆಯೂ ಸಲ್ಲುತ್ತದೆಂದು ನಿರ್ಣಯಿಸಿದರು. ‘ಪುನಃ’ ಎಂಬುದರ ಅರ್ಥ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫಾರನ್, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ತಪ್ಪಿದರೆ ಆರು ತಿಂಗಳ ಸೆರೆವಾಸವೆಂದು ಆಜ್ಞಾಪಿಸಿದರು. ಧಾರವಾಡ, ಬೆಳಗಾವಿ, ಸೊಲ್ಲಾಪುರಗಳೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ, ಮೇಲ್ಮನವಿಯಲ್ಲಿ ಸ್ಥಿರಪಟ್ಟ ಈ ತತ್ತ್ವವು ಅಲ್ಲಿನ ಕನ್ನಡ ಹೆಣ್ಣುಮಕ್ಕಳ ಬಾಳಿಗೂ ಅನ್ವಯಿಸುವಂಥದಾಗಿತ್ತು.

ರುಖ್ಮಾಬಾಯಿ ಸೆರೆಯನ್ನೇ ಆರಿಸಿಕೊಳ್ಳುವೆನೆಂದಳು. ಹೊಡೆತದ ಗುರುತಿಲ್ಲದ ಈ ಬಲಾತ್ಕಾರವನ್ನು ಆ ಕಾಲದ ಕಾನೂನು ಹಿಂಸೆಯೆಂದು ಎಣಿಸಿರಲಿಲ್ಲ. ಮೈಮೇಲಿನ ಒಡೆತನ ಗಂಡನದೋ ಅವಳದೋ ಎಂಬ ಪ್ರಶ್ನೆಯನ್ನು ಆಕೆಯ ನಿರಾಕರಣೆಯೇ ಮುಂದಿಟ್ಟಿತು. ಕಡೆಗೆ 1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿಗಳನ್ನು ಪಡೆದು ರಾಜಿಯಾದನು. ಮರುವರ್ಷ ಆಕೆ ಇಂಗ್ಲೆಂಡಿಗೆ ತೆರಳಿ ವೈದ್ಯಶಿಕ್ಷಣವನ್ನು ಪಡೆದು, ಹಿಂದಿರುಗಿ ಸೂರತ್, ರಾಜಕೋಟಗಳಲ್ಲಿ ದೀರ್ಘಕಾಲ ವೈದ್ಯೆಯಾಗಿ ಸೇವೆ ಸಲ್ಲಿಸಿದಳು.

ಆಕೆ ನಿಧನ ಹೊಂದಿದ್ದು 1955ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಸ್ವತಂತ್ರ ಭಾರತದ ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದಿತ್ತು. ಅದರ 9ನೆಯ ಕಲಮು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯದು. ಇಂಗ್ಲೆಂಡು 1970ರಲ್ಲಿ ಈ ಪರಿಹಾರವನ್ನು ಸಂಪೂರ್ಣವಾಗಿ ರದ್ದುಗೊಳಿಸಿತು. 1983ರಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ. ಎ. ಚೌಧರಿ 9ನೆಯ ಕಲಮು ಹೆಣ್ಣಿನ ಖಾಸಗಿತನಕ್ಕೂ ಘನತೆಗೂ ವಿರುದ್ಧವೆಂದು ಅದನ್ನು ಅಸಿಂಧುಗೊಳಿಸಿದರು. ಮರುವರ್ಷವೇ ಸರ್ವೋಚ್ಚ ನ್ಯಾಯಾಲಯವು, ಸರೋಜ್ ರಾಣಿ ಪ್ರಕರಣದಲ್ಲಿ, ಆ ಕಲಮನ್ನು ಎತ್ತಿಹಿಡಿಯಿತು. ಸೆರೆವಾಸದ ಶಿಕ್ಷೆ 1923ರ ತಿದ್ದುಪಡಿಯಿಂದಲೇ ತೊಲಗಿದೆ. ಆಜ್ಞೆಯನ್ನು ಮೀರಿದವರ ಆಸ್ತಿಯನ್ನು ಜಪ್ತಿ ಮಾಡುವ ಅವಕಾಶ ಉಳಿದುಕೊಂಡಿತು.