ವಯಸ್ಕರ ಶಿಕ್ಷಣದಲ್ಲಿ ವೃತ್ತಿಪರತೆ: ಜತ್ತ ತಾಲೂಕಿನ ನಿದರ್ಶನ

‘ವೃತ್ತಿ’ ಎಂಬ ಪದಕ್ಕೆ ಜೀವನೋಪಾಯವೆಂಬ ಅರ್ಥವಿರುವಂತೆ ನಡತೆ ಎಂಬ ಅರ್ಥವೂ ಉಂಟು. ವೃತ್ತಿಪರತೆಯನ್ನು ವೇತನ, ಹುದ್ದೆ, ಪ್ರಮಾಣಪತ್ರಗಳಿಂದ ಅಳೆಯುವ ರೂಢಿಯಲ್ಲಿ ಈ ಎರಡನೆಯ ಅರ್ಥ ಮರೆಯಾಗುತ್ತದೆ. ವಯಸ್ಕರ ಶಿಕ್ಷಣಕ್ಕಂತೂ ಆ ಅಳತೆಗೋಲು ಒಗ್ಗುವುದಿಲ್ಲ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಬೋಧಕರು ಅಲ್ಪ ಗೌರವಧನಕ್ಕೆ ದುಡಿದರು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಆಂದೋಲನಗಳೂ ಇಂದಿನ ‘ಉಲ್ಲಾಸ್’ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನೆಚ್ಚಿದವು. ಹಾಗಾದರೆ ಇವರು ವೃತ್ತಿಪರರೆನಿಸುವುದು ಯಾವುದರಿಂದ?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಇದಕ್ಕೆ ಉತ್ತರ ಹುಡುಕಲು ತಕ್ಕ ನೆಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಉಮದಿ, ಸಂಖ ಮುಂತಾದ ಊರುಗಳಲ್ಲಿ ಕನ್ನಡ ಮನೆಮಾತು. ಆಡಳಿತದ ಭಾಷೆ ಮರಾಠಿ. ಇಲ್ಲಿ ಕನ್ನಡವಾಡುವ ಕೃಷಿಕಾರ್ಮಿಕ ಮಹಿಳೆಯೊಬ್ಬಳು ಅಕ್ಷರ ಕಲಿಯಲು ಬಂದರೆ ಮೊದಲ ಪಾಠ ಯಾವ ಲಿಪಿಯಲ್ಲಿರಬೇಕು? ಅರ್ಥವರಿತು ಓದಲು ಆಡುಮಾತು ಬೇಕು. ಕಚೇರಿಯ ಅರ್ಜಿಗೆ, ಹೊಲದ ಸಾತಬಾರಾ ಉತಾರೆಗೆ ದೇವನಾಗರಿ ಬೇಕು. ಜನಗಣತಿಯ ಪ್ರಕಾರ 7 ವರ್ಷ ಮೇಲ್ಪಟ್ಟು, ಯಾವುದೇ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು. ಎಣಿಕೆಗೆ ಎರಡೂ ಲಿಪಿ ಸಮ. ಕಲಿಯುವವಳ ಬದುಕಿಗೆ ಸಮವಲ್ಲ.

ಬೋಧಕನ ಶಾಸ್ತ್ರಜ್ಞಾನ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ; ವರ್ಣಕ್ರಮವೂ ಬಹುಮಟ್ಟಿಗೆ ಒಂದೇ. ಕನ್ನಡದ ಕಾಗುಣಿತಕ್ಕೆ ಮರಾಠಿಯ ಬಾರಾಖಡಿ ಸಂವಾದಿ. ಒಂದನ್ನು ಕಲಿತವರಿಗೆ ಅದು ಮತ್ತೊಂದಕ್ಕೆ ಮೆಟ್ಟಿಲಾಗುತ್ತದೆ. ಆದರೆ ಎಕಾರ, ಒಕಾರಗಳ ಹ್ರಸ್ವ-ದೀರ್ಘ ಭೇದವನ್ನು ತೋರಿಸುವ ಚಿಹ್ನೆ ಮರಾಠಿ ಬರವಣಿಗೆಯಲ್ಲಿಲ್ಲ. ‘ಕೊಡು’, ‘ಕೋಡು’ ಎಂಬ ಪದಗಳನ್ನು ಆ ಕ್ರಮದಲ್ಲಿ ಬರೆದರೆ ಎರಡಕ್ಕೂ ಒಂದೇ ರೂಪ. ಇದನ್ನು ಬಲ್ಲ ಬೋಧಕ ಕಲಿಯುವವಳ ತಡವರಿಕೆಯನ್ನು ಮಂದಬುದ್ಧಿ ಎನ್ನುವುದಿಲ್ಲ. ತೊಡಕು ಲಿಪಿಯಲ್ಲಿದೆ ಎಂದು ಗುರುತಿಸುತ್ತಾನೆ. ಜ್ಞಾನವು ಗೌರವವಾಗಿ ಮಾರ್ಪಡುವ ಈ ಕ್ಷಣವೇ ವೃತ್ತಿಪರತೆ.

ವಯಸ್ಕರು ಬರಿಗೈಯಲ್ಲಿ ಬರುವುದಿಲ್ಲ. ಕೂಲಿಯ ಲೆಕ್ಕ, ಬೆಳೆಯ ಅನುಭವ, ಹೊತ್ತ ಹೊಣೆ ಅವರೊಂದಿಗಿರುತ್ತವೆ. ಆದುದರಿಂದ ಲಿಪಿಯ ನಿರ್ಧಾರವನ್ನು ಬೋಧಕ ಅವರೊಡನೆ ಕೂಡಿಯೇ ಕೈಗೊಳ್ಳಬೇಕು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳಿರುವ ಈ ಬರದ ನಾಡಿನಲ್ಲಿ ಪಾಠದ ವೇಳೆಯೂ ಅವರ ದುಡಿಮೆಗೆ ಹೊಂದಬೇಕು.

ಕೊನೆಯ ಪರೀಕ್ಷೆ ಪ್ರಾಮಾಣಿಕತೆಯದು. ಸಹಿ ಮಾಡಲು ಕಲಿತವಳನ್ನು ಸಾಕ್ಷರಳೆಂದು ದಾಖಲಿಸಿದರೆ ವರದಿ ತುಂಬುತ್ತದೆ; ಆಕೆ ಮಾತ್ರ ತಾನು ಓದಲಾರದ ಕಾಗದಕ್ಕೆ ಸಹಿ ಹಾಕುತ್ತಾಳೆ. ‘ಇನ್ನೂ ಕಲಿಯುವುದಿದೆ’ ಎಂದು ದಿಟವನ್ನು ಬರೆಯುವ ಬೋಧಕ, ವೇತನವಿರಲಿ ಇಲ್ಲದಿರಲಿ, ‘ವೃತ್ತಿ’ಯ ಎರಡನೆಯ ಅರ್ಥವನ್ನು ಉಳಿಸಿಕೊಂಡವನು.