ಕಂತು ತಪ್ಪಿದರೂ ಮನೆ ತಪ್ಪದಿರಲು

ಗೃಹಸಾಲದ ಕಂತು ತಪ್ಪಿದ ದಿನದಿಂದ ಮನೆ ಹರಾಜಿಗೆ ಬರುವ ದಿನದವರೆಗೆ ಕಾನೂನಿನ ಲೆಕ್ಕದಲ್ಲೇ ಆರು ತಿಂಗಳು ಹಿಡಿಯುತ್ತದೆ. ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗಲು 90 ದಿನ, ನೋಟಿಸಿಗೆ 60 ದಿನ, ಹರಾಜಿನ ಪ್ರಕಟಣೆಗೆ 30 ದಿನ. ವಾಸ್ತವದಲ್ಲಿ ಇನ್ನೂ ಹೆಚ್ಚೇ ಆಗುತ್ತದೆ. ಅಷ್ಟರೊಳಗೆ ಸಾಲಗಾರನ ಮುಂದೆ ಹತ್ತಾರು ದಾರಿಗಳಿರುತ್ತವೆ, ಆದರೆ ಒಂದೊಂದು ದಾರಿ ಮುಚ್ಚುವುದಕ್ಕೂ ಒಂದೊಂದು ತಾರೀಖಿದೆ. ನಮ್ಮಲ್ಲಿ ಅನೇಕರು ಈ ಆರು ತಿಂಗಳನ್ನು ಬ್ಯಾಂಕಿನ ಫೋನ್ ಎತ್ತದೆ, ಹೆಂಡತಿಗೂ ಹೇಳದೆ, ಅಂಚೆಯಲ್ಲಿ ಬಂದ ನೋಟಿಸು ವಾಪಸು ಕಳಿಸುತ್ತ ಕಳೆಯುತ್ತಾರೆ. ಮರ್ಯಾದೆ ಉಳಿಸಲು ಹೋಗಿ ಮನೆ ಕಳೆದುಕೊಳ್ಳುವುದು ಹೀಗೆಯೇ. ಕೆಳಗಿನ ಸೂತ್ರಗಳನ್ನು ಹೆಚ್ಚುಕಡಿಮೆ ತಾರೀಖಿನ ಕ್ರಮದಲ್ಲೇ ಇಟ್ಟಿದ್ದೇನೆ. ಮೇಲಿನವು ಅಗ್ಗ, ಕೆಳಗಿಳಿದಷ್ಟೂ ದುಬಾರಿ.

1. ಕಂತು ತಪ್ಪುವ ಮೊದಲೇ ಬ್ಯಾಂಕಿನ ಮೆಟ್ಟಿಲು ಹತ್ತಿ

ಕೆಲಸ ಹೋಗಿದೆ, ಮುಂದಿನ ತಿಂಗಳು ಕಂತು ಕಟ್ಟಲಾಗದು ಎಂದು ಗೊತ್ತಾದ ವಾರವೇ ಹೋಗಿ. ಕಂತು ಬಾಕಿಯಾದ ಮೊದಲ 30 ದಿನ ನಿಮ್ಮ ಖಾತೆ ಎಸ್‌ಎಂಎ-0 ಎಂಬ ನಿಗಾ ಪಟ್ಟಿಯಲ್ಲಿರುತ್ತದೆ, 60 ದಿನದವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. ಅಲ್ಲಿಂದಾಚೆ ಎನ್‌ಪಿಎ. ಶಾಖೆಯ ಮ್ಯಾನೇಜರ್ ಕೈಯಲ್ಲಿ ಏನಾದರೂ ಮಾಡುವ ಅವಕಾಶವಿರುವುದು ಈ ಮೂರು ಮೆಟ್ಟಿಲುಗಳಲ್ಲಿ. ಎನ್‌ಪಿಎ ಆದಮೇಲೆ ಕಡತ ವಸೂಲಿ ವಿಭಾಗಕ್ಕೆ ಹೋಗುತ್ತದೆ, ಅಲ್ಲಿ ಮಾತಿನ ಧಾಟಿಯೇ ಬೇರೆ. ಅಷ್ಟೇ ಅಲ್ಲ, ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸರಿಯಾಗಬೇಕಾದರೆ ಒಂದೆರಡು ಕಂತು ಕಟ್ಟಿದರೆ ಸಾಲದು, ಅಸಲು ಬಡ್ಡಿಯ ಪೂರ್ತಿ ಬಾಕಿ ತೀರಬೇಕು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಬಾಯಿಮಾತು ಬೇಡ. ಏನಾಯಿತು, ಎಷ್ಟು ತಿಂಗಳ ತೊಂದರೆ, ಈಗ ಎಷ್ಟು ಕಟ್ಟಬಲ್ಲಿರಿ ಎಂದು ಒಂದು ಪುಟದಲ್ಲಿ ಬರೆದು, ಆಸ್ಪತ್ರೆಯ ಬಿಲ್ಲೋ ಕಂಪನಿಯ ಪತ್ರವೋ ಲಗತ್ತಿಸಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಇನ್ನೊಂದು ಮಾತು: 2020ರ ಕೋವಿಡ್ ಮೊರಟೋರಿಯಂ ಆರು ತಿಂಗಳಿಗೇ ಮುಗಿಯಿತು. ಈಗ ಕಂತಿಗೆ ರಜೆ ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ. ಹಕ್ಕೆಂದು ಜಗಳ ತೆಗೆದರೆ ಕೆಲಸ ಕೆಡುತ್ತದೆ.

2. ಬಡ್ಡಿ ದರ ನೋಡಿ

ಹಳೆಯ ಸಾಲಗಾರರು ಹೊಸಬರಿಗಿಂತ ಹೆಚ್ಚು ಬಡ್ಡಿ ಕಟ್ಟುತ್ತಿರುವುದು ತೀರಾ ಸಾಮಾನ್ಯ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಗೃಹಸಾಲದ ಬದಲಾಗುವ ದರ ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿದೆ. ಅದಕ್ಕೂ ಹಿಂದಿನ ಸಾಲಗಳು ಇನ್ನೂ ಬ್ಯಾಂಕೇ ನಿಗದಿ ಮಾಡುವ ಎಂಸಿಎಲ್‌ಆರ್‌ನಲ್ಲೋ ಬೇಸ್ ರೇಟ್‌ನಲ್ಲೋ ತೂಗಾಡುತ್ತಿರಬಹುದು. 2025ರ ಫೆಬ್ರವರಿ ಮತ್ತು ಜೂನ್ ನಡುವೆ ರೆಪೊ ದರ 6.50ರಿಂದ 5.50ಕ್ಕೆ ಇಳಿಯಿತು. ಆ ಇಳಿಕೆ ನಿಮ್ಮ ಖಾತೆಗೆ ಬಂದಿದೆಯೇ? ಕೇಳಿ. ಬಂದಿಲ್ಲದಿದ್ದರೆ ರೆಪೊ ಆಧಾರಿತ ದರಕ್ಕೆ ಬದಲಾಯಿಸಿಕೊಡಿ ಎಂದು ಅರ್ಜಿ ಕೊಡಿ. ಸಣ್ಣ ಶುಲ್ಕದಲ್ಲಿ ಮುಗಿಯುವ ಕೆಲಸ. ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದಾದರೆ ಈ ಜೋಡಣೆ ಕಡ್ಡಾಯವಿಲ್ಲ, ಅಲ್ಲಿ ಚೌಕಾಸಿಯೇ ಗತಿ.

3. ಅವಧಿ ಹಿಗ್ಗಿಸಿ, ಆದರೆ ಐದು ವರ್ಷಕ್ಕಿಂತ ಹೆಚ್ಚು ಬೇಡ

ಕಂತು ಇಳಿಸಲು ಬ್ಯಾಂಕ್ ಕೊಡುವ ಮೊದಲ ಸಲಹೆ ಇದೇ. ಲೆಕ್ಕ ನೋಡಿ: 30 ಲಕ್ಷ ಬಾಕಿ, ಶೇ 9 ಬಡ್ಡಿ, 15 ವರ್ಷ ಉಳಿದಿದೆ ಅಂದರೆ ಕಂತು 30,428 ರೂಪಾಯಿ. 20 ವರ್ಷಕ್ಕೆ ಹಿಗ್ಗಿಸಿದರೆ 26,992. ತಿಂಗಳಿಗೆ 3,436 ಉಳಿಯಿತು, ಒಟ್ಟು ಬಡ್ಡಿ ಸುಮಾರು 10 ಲಕ್ಷ ಏರಿತು. ಇನ್ನೂ ಐದು ವರ್ಷ ಹಿಗ್ಗಿಸಿ 25 ಮಾಡಿದರೆ ಕಂತು 25,176. ಈ ಸಲ ಉಳಿದದ್ದು ಬರೀ 1,816, ಏರಿದ ಬಡ್ಡಿ ಮತ್ತೆ ಹತ್ತೂ ಮುಕ್ಕಾಲು ಲಕ್ಷ! ಮೊದಲ ಐದು ವರ್ಷ ಉಸಿರಾಡಲು, ಎರಡನೆಯ ಐದು ವರ್ಷ ಬ್ಯಾಂಕಿಗೆ ದಾನ. ಕೈ ಸುಧಾರಿಸಿದ ಕೂಡಲೇ ಕಂತು ಹಿಂದಿನ ಮಟ್ಟಕ್ಕೆ ಏರಿಸಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ವ್ಯಕ್ತಿಗಳಿಂದ ದಂಡ ಕೀಳುವಂತಿಲ್ಲ.

ದರ ಏರಿದಾಗ ಸಾಲಗಾರನಿಗೆ ತಿಳಿಸದೆಯೇ ಅವಧಿ ಎಳೆಯುವ ಚಾಳಿಗೆ 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಕಡಿವಾಣ ಹಾಕಿದೆ. ಕಂತು ಏರಿಸುವುದೋ ಅವಧಿ ಹಿಗ್ಗಿಸುವುದೋ ಎರಡೂ ಸ್ವಲ್ಪಸ್ವಲ್ಪವೋ ಎಂಬ ಆಯ್ಕೆ ನಿಮ್ಮದು.

4. ಖಾತೆ ಚೊಕ್ಕಟವಿದ್ದಾಗಲೇ ಸಾಲ ವರ್ಗಾಯಿಸಿ

ಕಡಿಮೆ ಬಡ್ಡಿಯ ಬೇರೆ ಬ್ಯಾಂಕಿಗೆ ಹೋಗುವುದಾದರೆ ಈಗಲೇ. ಎರಡು ಕಂತು ಬೌನ್ಸ್ ಆದ ಖಾತೆಯನ್ನು ಯಾವ ಬ್ಯಾಂಕೂ ಮಡಿಲಿಗೆ ಹಾಕಿಕೊಳ್ಳುವುದಿಲ್ಲ.

5. ವಿಮೆ ಇದೆಯೇ, ಹುಡುಕಿ

ಸಾಲ ಕೊಡುವಾಗಲೇ ಸಾಲ ರಕ್ಷಣೆಯ ವಿಮೆಯನ್ನೂ ಮಾರಿ, ಅದರ ಪ್ರೀಮಿಯಂ ಸಾಲಕ್ಕೇ ಸೇರಿಸಿರುವುದು ಎಷ್ಟೋ ಮನೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ದುಡಿಯುವವರು ತೀರಿಕೊಂಡ ಮೇಲೂ ಹೆಂಡತಿ ಮಕ್ಕಳು ಕಂತು ಕಟ್ಟುತ್ತಲೇ ಹೋಗುತ್ತಾರೆ. ಮಂಜೂರಾತಿ ಪತ್ರ ತೆಗೆದು ನೋಡಿ, ಸಾಲದ ಸ್ಟೇಟ್‌ಮೆಂಟಿನ ಮೊದಲ ಪುಟ ನೋಡಿ. ಕೆಲವು ಪಾಲಿಸಿಗಳಲ್ಲಿ ಗಂಭೀರ ಕಾಯಿಲೆ, ಕೆಲಸ ಹೋದಾಗ ಕೆಲವು ಕಂತು, ಇವೂ ಸೇರಿರುತ್ತವೆ. ಬ್ಯಾಂಕ್ ತಾನಾಗಿ ನೆನಪಿಸುತ್ತದೆಂದು ಕಾಯಬೇಡಿ.

6. ಮೀಟರ್ ಬಡ್ಡಿ ತಂದು ಕಂತು ಕಟ್ಟಬೇಡಿ

ಶೇ 9ರ ಸಾಲ ತೀರಿಸಲು ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ! ವರ್ಷಕ್ಕೆ ಅದು ಶೇ 60. ಕ್ರೆಡಿಟ್ ಕಾರ್ಡ್, ಮೊಬೈಲ್ ಆ್ಯಪ್‌ಗಳ ಸಾಲವೂ ಇದೇ ಜಾತಿ. ಎಲ್‌ಐಸಿ ಪಾಲಿಸಿಯ ಮೇಲೆ ಸಾಲ ಸಿಗುತ್ತದೆ, ಪಿಎಫ್‌ನಿಂದ ಮನೆಸಾಲಕ್ಕೆಂದು ಹಣ ತೆಗೆಯಲು ಅವಕಾಶವಿದೆ, ಬ್ಯಾಂಕಿನಲ್ಲಿ ಚಿನ್ನ ಇಟ್ಟರೂ ಬಡ್ಡಿ ತಡೆದುಕೊಳ್ಳಬಹುದು. ಆದರೆ ಇವನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ: ಆದಾಯ ಯಾವಾಗ ಮರಳಿ ಬರುತ್ತದೆ? ಉತ್ತರ ಇದ್ದರೆ ಮುಟ್ಟಿ. ಇಲ್ಲದಿದ್ದರೆ ಎಂಟನೇ ಸೂತ್ರಕ್ಕೆ ಹೋಗಿ. ತಾಳಿ ಸರವನ್ನೂ ಒತ್ತೆಯಿಟ್ಟು ನಾಲ್ಕು ಕಂತು ಕಟ್ಟಿ, ಐದನೆಯದಕ್ಕೆ ಮನೆಯೂ ಹೋಗುವಂತಾಗಬಾರದು.

7. ಸ್ವಂತ ಮನೆ ಬಾಡಿಗೆಗೆ, ನೀವು ಚಿಕ್ಕ ಮನೆಗೆ

ಬೆಂಗಳೂರಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ಬಾಡಿಗೆಗೆ ಕೊಟ್ಟು ಒಂದು ಬೆಡ್‌ರೂಮಿನಲ್ಲಿ ಎರಡು ವರ್ಷ ಇದ್ದರೆ ಕಂತಿನ ದೊಡ್ಡ ಪಾಲು ಹೊರಡುತ್ತದೆ. ಅತ್ತೆ ಮಾವ ಏನನ್ನುತ್ತಾರೋ ಎಂಬ ಅಳುಕು ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ. ನೋಟಿಸ್ ಬಂದಮೇಲೆ ಮಾತ್ರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ.

8. ಮನೆ ಉಳಿಯದು ಎನಿಸಿದರೆ ನೀವೇ ಮಾರಿ

ಇಡೀ ಪಟ್ಟಿಯಲ್ಲಿ ಜನ ಅತಿ ಹೆಚ್ಚು ತಡ ಮಾಡುವುದು ಇಲ್ಲಿ. ಹರಾಜಿನಲ್ಲಿ ಕೊಳ್ಳುವವನು ಅಗ್ಗಕ್ಕೆ ಸಿಗಲೆಂದೇ ಬಂದಿರುತ್ತಾನೆ. ಹರಾಜಿನ ಖರ್ಚು, ವಕೀಲರ ಶುಲ್ಕ, ಅಷ್ಟು ತಿಂಗಳ ಬಡ್ಡಿ ಎಲ್ಲವೂ ನಿಮ್ಮ ತಲೆಗೇ. ನೀವೇ ಮಾರಿದರೆ ಮಾರುಕಟ್ಟೆ ಬೆಲೆ ಸಿಗುತ್ತದೆ, ಸಾಲ ತೀರಿ ಮಿಕ್ಕಿದ್ದು ಕೈಗೆ ಬರುತ್ತದೆ, ಸಿಬಿಲ್ ದಾಖಲೆಯಲ್ಲೂ ಖಾತೆ ಸರಿಯಾಗಿ ಮುಚ್ಚಿದಂತೆ ಕಾಣುತ್ತದೆ.

ಅಡಮಾನದಲ್ಲಿರುವ ಮನೆ ಮಾರಲು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬ್ಯಾಂಕಿನಿಂದ ಎರಡು ಕಾಗದ ತೆಗೆದುಕೊಳ್ಳಿ: ಇಂದಿನ ತಾರೀಖಿಗೆ ಪೂರ್ತಿ ಬಾಕಿ ಎಷ್ಟು ಎಂಬ ಪತ್ರ, ತಮ್ಮ ಬಳಿ ಯಾವ ಯಾವ ಮೂಲಪತ್ರಗಳಿವೆ ಎಂಬ ಪಟ್ಟಿ. ಇವನ್ನು ಕೊಳ್ಳುವವರ ಬ್ಯಾಂಕಿಗೆ ಕೊಟ್ಟರೆ ಅವರು ನಿಮ್ಮ ಸಾಲವನ್ನು ನೇರವಾಗಿ ತೀರಿಸಿ, ಮೂಲಪತ್ರಗಳನ್ನು ಬ್ಯಾಂಕಿನಿಂದ ಬ್ಯಾಂಕಿಗೇ ಪಡೆಯುತ್ತಾರೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಹಾಗಾಗಿ ಗಿರಾಕಿ ಹುಡುಕುವ ಮೊದಲೇ ಅದನ್ನು ಮಾಡಿಸಿಡಿ. ಇದಕ್ಕೇ ವಾರಗಟ್ಟಲೆ ಹಿಡಿದು ವ್ಯವಹಾರ ಮುರಿದುಬೀಳಬಾರದು. ಮನೆ ಪಡೆದ ವರ್ಷದ ಕೊನೆಯಿಂದ ಐದು ವರ್ಷದೊಳಗೆ ಮಾರಿದರೆ ಅಸಲಿನ ಮೇಲೆ 80ಸಿ ಅಡಿ ಪಡೆದ ರಿಯಾಯಿತಿ ಮತ್ತೆ ಆದಾಯಕ್ಕೆ ಸೇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

60 ದಿನದ ನೋಟಿಸ್ ಕೈಸೇರಿದ ಮೇಲೆ ಮಾರಾಟಕ್ಕೂ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಗಿರಾಕಿಯನ್ನು ಕರೆದುಕೊಂಡೇ ಹೋದರೆ ಒಪ್ಪಿಗೆ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ. ಅವರಿಗೂ ಮನೆ ಬೇಡ, ಹಣ ಬೇಕು.

9. ನೋಟಿಸಿಗೆ ಉತ್ತರ ಬರೆಯಿರಿ

2002ರ ಸರ್ಫೇಸಿ ಕಾಯ್ದೆಯಡಿ ಕೋರ್ಟಿಗೆ ಹೋಗದೆಯೇ ಬ್ಯಾಂಕ್ ಮನೆ ವಶಪಡಿಸಿಕೊಳ್ಳಬಹುದು. ಆದರೆ ಮೊದಲು 13(2)ನೇ ಕಲಂ ಅಡಿ ನೋಟಿಸ್ ಕೊಟ್ಟು 60 ದಿನ ಕಾಯಬೇಕು. ಈ ನೋಟಿಸನ್ನು ತೆಗೆದುಕೊಳ್ಳದೆ ಹಿಂದಿರುಗಿಸಿದರೆ ಲಾಭವೇನೂ ಇಲ್ಲ. ಬಾಗಿಲಿಗೆ ಅಂಟಿಸಿ ಪತ್ರಿಕೆಯಲ್ಲಿ ಹಾಕಿದರೂ ಕೊಟ್ಟಂತೆಯೇ ಲೆಕ್ಕ, ಊರಿಗೆಲ್ಲ ಸುದ್ದಿಯಾಗುವುದು ಬೇರೆ. ಲೆಕ್ಕದಲ್ಲಿ ತಪ್ಪಿದ್ದರೆ, ಕಟ್ಟಿದ ಕಂತು ಸೇರದಿದ್ದರೆ, ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಿದ್ದರೆ ಆಕ್ಷೇಪ ಬರೆಯಿರಿ. 15 ದಿನದೊಳಗೆ ಕಾರಣಸಹಿತ ಉತ್ತರ ಕೊಡುವುದು ಬ್ಯಾಂಕಿನ ಹೊಣೆ. ಬಾಕಿ ಮೊತ್ತ ಅಸಲು ಬಡ್ಡಿಗಳ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ, ಅಥವಾ ಅಡಮಾನವಾದದ್ದು ಕೃಷಿ ಜಮೀನಾಗಿದ್ದರೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ.

ಸಹಕಾರಿ ಬ್ಯಾಂಕುಗಳಿಗೂ ಸರ್ಫೇಸಿ ಅಧಿಕಾರ ಇದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಊರಿನ ಪತ್ತಿನ ಸಹಕಾರ ಸಂಘಗಳ ದಾರಿ ಬೇರೆ, ಅದು ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿಯ ದಾವೆ.

10. ವಸೂಲಿಗೆ ಬಂದವರಿಗೆ ಹೆದರಬೇಡಿ, ಕೂಗಾಡಲೂ ಬೇಡಿ

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಆಫೀಸಿಗೆ ಕರೆ ಮಾಡಿ ಮಾನ ಕಳೆಯುವಂತಿಲ್ಲ. ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿ. ಮೀರಿದರೆ ಮೊದಲು ಬ್ಯಾಂಕಿಗೆ ದೂರು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ ಹೋದರೆ ಅದು ಸಾಂಕೇತಿಕ ಸ್ವಾಧೀನ, ಅಂದೇ ಮನೆ ಖಾಲಿ ಮಾಡಬೇಕಿಲ್ಲ. ನೀವು ಬಿಟ್ಟುಕೊಡದಿದ್ದರೆ ಮ್ಯಾಜಿಸ್ಟ್ರೇಟರ ಇಲ್ಲವೇ ಜಿಲ್ಲಾಧಿಕಾರಿಯ ಆದೇಶ ತಂದೇ ಒಳಗೆ ಬರಬೇಕು.

ಕಂತಿಗೆ ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು. ಖಾತೆಯಿಂದ ತಾನಾಗಿ ಕಡಿತವಾಗುವ ನಾಚ್ ವ್ಯವಸ್ಥೆಗೂ ಅಂಥದೇ ಕಾನೂನಿದೆ. ಆ ನೋಟಿಸನ್ನು ಮನೆಯ ನೋಟಿಸಿನೊಂದಿಗೆ ಬೆರೆಸಿ ಮರೆಯಬೇಡಿ, ಅದಕ್ಕೆ ಸಿಗುವುದು 15 ದಿನ ಮಾತ್ರ.

11. ಒಟಿಎಸ್‌ಗೆ ಹೋಗುವಾಗ ಹಣ ಕೈಯಲ್ಲಿರಲಿ

ಒಟಿಎಸ್ ಎಂದರೆ ಒಂದೇ ಬಾರಿಯ ಇತ್ಯರ್ಥ. ಒಂದೇ ಗಂಟಿಗೆ ಕಟ್ಟಿದರೆ ಬ್ಯಾಂಕ್ ದಂಡವನ್ನೂ ಬಡ್ಡಿಯ ಒಂದು ಪಾಲನ್ನೂ ಬಿಡಬಹುದು. ಬಿಡಲೇಬೇಕೆಂದು ಕೇಳುವ ಹಕ್ಕು ಸಾಲಗಾರನಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಬಿಜ್ನೋರ್ ನಗರ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ರಾಷ್ಟ್ರೀಯ ಲೋಕ ಅದಾಲತ್ತಿನ ದಿನ ಇಂಥ ರಾಜಿಗೆ ಒಳ್ಳೆಯ ಹದ. ಒಪ್ಪಿದ ತಾರೀಖಿಗೆ ಕಟ್ಟದಿದ್ದರೆ ರಿಯಾಯಿತಿ ಹೋಗುತ್ತದೆ. ಕಟ್ಟಿದರೂ ಸಿಬಿಲ್‌ನಲ್ಲಿ ಖಾತೆ ‘ಸೆಟಲ್ಡ್’ ಎಂದು ನಮೂದಾಗಿ, ಮುಂದಿನ ಸಾಲಕ್ಕೆ ವರ್ಷಗಟ್ಟಲೆ ತೊಡಕಾಗುತ್ತದೆ. ಗೊತ್ತಿದ್ದೇ ಸಹಿ ಹಾಕಿ.

12. ಡಿಆರ್‌ಟಿಗೆ 45 ದಿನ

ಸ್ವಾಧೀನದ ಕ್ರಮದಲ್ಲಿ ತಪ್ಪಿದ್ದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ (ಡಿಆರ್‌ಟಿ) ಹೋಗಬಹುದು. ಅಲ್ಲಿ ಅರ್ಜಿ ಹಾಕಲು ಬಾಕಿಯ ಶೇ 75 ಕಟ್ಟಬೇಕೆಂಬ ಹಳೆಯ ಷರತ್ತನ್ನು 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪು ತೆಗೆದುಹಾಕಿದೆ. ತಡೆಯಾಜ್ಞೆ ಕೊಡುವಾಗ ಒಂದಿಷ್ಟು ಕಟ್ಟಿ ಎನ್ನುವುದು ಮಾತ್ರ ವಾಡಿಕೆ. ಸಿವಿಲ್ ಕೋರ್ಟಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ. ನೇರ ಹೈಕೋರ್ಟಿಗೆ ರಿಟ್ ಹಾಕುವುದನ್ನು ಸುಪ್ರೀಂ ಕೋರ್ಟ್ ಪದೇಪದೇ ತಡೆದಿದೆ. ‘ಸ್ಟೇ ತಂದುಕೊಡ್ತೀನಿ, ಐದು ವರ್ಷ ಆರಾಮಾಗಿರಿ’ ಎನ್ನುವವರಿಂದ ದೂರವಿರಿ. ಆ ಐದು ವರ್ಷವೂ ಬಡ್ಡಿ ಓಡುತ್ತಿರುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಉಂಟು.

13. ಹರಾಜಿನ ಲೆಕ್ಕ ಕೇಳಿ

ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿಗೂ ಗಡುವಿದೆ. ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿಯ ನಂತರ ಅದು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ, 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನ ಬೆಳಿಗ್ಗೆ ಹಣ ಹಿಡಿದು ಓಡಿದರೆ ಹಕ್ಕಿನಿಂದ ಕೇಳಲಾಗದು.

ಹರಾಜು ನಡೆದೇಹೋದರೂ ಕೈಕಟ್ಟಿ ಕೂರಬೇಡಿ. ಮೀಸಲು ಬೆಲೆ ನಿಗದಿಗೆ ಅನುಮೋದಿತ ಮೌಲ್ಯಮಾಪಕರ ವರದಿ ಬೇಕು, ಅದರ ಪ್ರತಿ ಕೇಳಿ. ಬೆಲೆ ತೀರಾ ಕಡಿಮೆ ಅನಿಸಿದರೆ ನಿಮ್ಮದೇ ಮೌಲ್ಯಮಾಪನ ಮಾಡಿಸಿ ಡಿಆರ್‌ಟಿ ಮುಂದಿಡಿ. ಖರ್ಚು, ಬಾಕಿ ಕಳೆದು ಉಳಿದ ಹಣ ನಿಮ್ಮದು. ಅದೇ ಕಾಯ್ದೆಯ 13(7)ನೇ ಕಲಂ ಹಾಗೆ ಹೇಳುತ್ತದೆ. ಬಿಡಿಬಿಡಿ ಲೆಕ್ಕವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಹಣ ಸಾಲದೇಹೋದರೆ ಉಳಿದದ್ದಕ್ಕೆ ಬ್ಯಾಂಕ್ ನಿಮ್ಮನ್ನೂ ಜಾಮೀನುದಾರರನ್ನೂ ಬೆನ್ನಟ್ಟಬಹುದು. ಜಾಮೀನು ಹಾಕಿದ ಭಾವನಿಗೋ ಸ್ನೇಹಿತನಿಗೋ ಈ ವಿಷಯ ಬ್ಯಾಂಕಿನ ನೋಟಿಸಿನಿಂದಲ್ಲ, ನಿಮ್ಮ ಬಾಯಿಂದಲೇ ತಿಳಿಯಲಿ.