ರಸೀದಿ ಇಲ್ಲದ ವಾರಂಟಿ



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಿತು. ಅದಕ್ಕೆ ಮೂರು ವರ್ಷದ ವಾರಂಟಿ ಇತ್ತು. ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಧೈರ್ಯವಾಗಿ ಮೈಸೂರಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದೇ ಬಿಲ್ಲನ್ನು. ಹಂಪಾಪುರಕ್ಕೆ ಮರಳಿ ಕಡತಗಳನ್ನು ಜಾಲಾಡಿದೆವು. ಬಿಲ್ಲು ಸಿಕ್ಕಿತು, ಆದರೆ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಶಾಖಕ್ಕೆ ಮೂಡುವ ಅಕ್ಷರದ ನುಣುಪು ಕಾಗದ ಅದು. ಬೀರುವಿನಲ್ಲೇ ಮಾಸಿ ಬಿಳಿಯ ಹಾಳೆಯಾಗಿತ್ತು.

ಪುಣ್ಯಕ್ಕೆ ಹಣವನ್ನು ಚೆಕ್ಕಿನ ಮೂಲಕ ಕೊಟ್ಟಿದ್ದೆವು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಾರೀಖೂ ಮೊತ್ತವೂ ಇದ್ದವು. ಅದನ್ನು ತೋರಿಸಿದ ಮೇಲೆ ಅಂಗಡಿಯವರು ತಮ್ಮ ಲೆಕ್ಕದಿಂದ ಬಿಲ್ಲಿನ ನಕಲು ತೆಗೆದುಕೊಟ್ಟರು. ಜಿಎಸ್‌ಟಿ ಕಾಯಿದೆಯಂತೆ ವ್ಯಾಪಾರಿಯು ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಆದ್ದರಿಂದ ಬಿಲ್ಲು ಕಳೆದುಕೊಂಡವರು ಕೂಡಲೇ ಕೈಚೆಲ್ಲಬೇಕಾಗಿಲ್ಲ.

ಡಿಸ್ಕ್ ಬದಲಾಗಿ ಬಂತು. ಆದರೆ ಹಳೆಯದರಲ್ಲಿದ್ದ ಎರಡು ತಿಂಗಳ ಅಡಿಕೆ ತೂಕದ ಲೆಕ್ಕ ಬರಲಿಲ್ಲ. ವಾರಂಟಿ ಇರುವುದು ವಸ್ತುವಿಗೆ, ಅದರೊಳಗಿನ ಲೆಕ್ಕಕ್ಕಲ್ಲ. ತೂಕದ ಚೀಟಿ ಇಟ್ಟುಕೊಂಡಿದ್ದ ಸದಸ್ಯರ ಖಾತೆಗಳನ್ನು ಒಂದೇ ವಾರದಲ್ಲಿ ಮತ್ತೆ ಬರೆದೆವು. ಚೀಟಿ ಇಲ್ಲದ ಕೆಲವರ ಬಾಬ್ತು ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ. ನಕಲು ಪ್ರತಿ ಮಾಡಿಡದಿದ್ದುದು ನಮ್ಮದೇ ತಪ್ಪು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಈಗ ಪ್ರತಿ ಶನಿವಾರ ನಕಲು ಮಾಡುತ್ತಿದ್ದೇವೆ.

ಈ ಪಾಠ ಸಂಘಕ್ಕೆ ಮಾತ್ರವಲ್ಲ. ಪಂಪಿನ ಮೋಟಾರು, ಸ್ಟಾರ್ಟರು, ಔಷಧಿ ಸಿಂಪಡಿಸುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಎಲ್ಲಕ್ಕೂ ಸಲ್ಲುತ್ತದೆ.

ಕೊಳ್ಳುವಾಗ

ನೋಂದಾಯಿತ ವ್ಯಾಪಾರಿಯು 200 ರೂಪಾಯಿ ಅಥವಾ ಮೇಲ್ಪಟ್ಟ ಮಾರಾಟಕ್ಕೆ ಬಿಲ್ಲು ಕೊಡಲೇಬೇಕು. ಬಿಲ್ಲಿನಲ್ಲಿ ಅಂಗಡಿಯ ಹೆಸರು, 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ (ಕರ್ನಾಟಕದ್ದು 29ರಿಂದ ಆರಂಭ), ತಾರೀಖು ಮತ್ತು ಮೊತ್ತ ಇರಲಿ. ಯಂತ್ರದ ಮೇಲಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು. ಆ ಸಂಖ್ಯೆ ತಾಳೆಯಾಗದಿದ್ದರೆ ಯಾವ ಕಂಪನಿಯೂ ಒಪ್ಪುವುದು ಕಷ್ಟ. ತೆರಿಗೆ ಉಳಿಯುತ್ತದೆಂದು ಅಂದಾಜು ಚೀಟಿಯನ್ನೇ ಜೇಬಿಗೆ ಹಾಕಿಕೊಂಡು ಬರುವವರು ಉಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಬಿಲ್ಲನ್ನು ಅದೇ ದಿನ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಚಿತ್ರ ತೆಗೆದಿಡಿ.

ವಾರಂಟಿ ಕಾರ್ಡನ್ನು ಅಂಗಡಿಯಲ್ಲೇ ಓದಿಸಿ ತಿಳಿಯಿರಿ. ಯುಪಿಎಸ್‌ಗೆ ಒಂದು ಅವಧಿ, ಅದರ ಬ್ಯಾಟರಿಗೆ ಬೇರೆ ಅವಧಿ ಇರಬಹುದು. ಸಿಡಿಲು, ವೋಲ್ಟೇಜ್ ಏರುಪೇರು, ನೀರು, ಇಲಿ ಕಡಿತ ಇವುಗಳಿಂದಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ಕೆಟ್ಟಾಗ

ಊರಿನ ಮೆಕ್ಯಾನಿಕ್ ಕೈಯಲ್ಲಿ ಮೊದಲು ಬಿಚ್ಚಿಸಬೇಡಿ. ಸೀಲು ಒಡೆದರೆ ಅದೇ ನೆಪವಾಗುತ್ತದೆ. ದೂರನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಬರಹದಲ್ಲಿ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಯಂತ್ರ ಒಪ್ಪಿಸಿದಾಗ ತಾರೀಖು, ಕ್ರಮಸಂಖ್ಯೆ, ದೋಷ ಬರೆದ ಸ್ವೀಕೃತಿ ಕೇಳಿ. ಮೂಲ ಬಿಲ್ಲನ್ನು ಬಿಟ್ಟುಬರಬೇಡಿ, ನಕಲನ್ನು ಕೊಡಿ.

ಕಾಯಿದೆಯ ನೆರವು

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದನ್ನೂ, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ.

‘ನೀವು ವ್ಯವಸಾಯದ ಲಾಭಕ್ಕೆ ಕೊಂಡಿರಿ, ಗ್ರಾಹಕರಲ್ಲ’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಮಾತ್ರವೇ ಕೊಂಡು ಬಳಸಿದ್ದು ವಾಣಿಜ್ಯ ಉದ್ದೇಶವಲ್ಲವೆಂದು ಕಾಯಿದೆಯೇ ವಿವರಿಸಿದೆ. ಕಳಪೆ ಬೀಜದ ಪ್ರಕರಣದಲ್ಲಿ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ.

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ. ಅಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಕೊನೆಯದಾಗಿ ಒಂದು ವಿನಂತಿ. ಮನೆಯಲ್ಲಿ ಒಂದು ರಟ್ಟಿನ ಫೈಲು ಇಡಿ. ಯಂತ್ರಗಳ ಬಿಲ್ಲು, ಗೊಬ್ಬರದ ಬಿಲ್ಲು, ಸಂಘದ ತೂಕದ ಚೀಟಿ ಎಲ್ಲವೂ ಅದರಲ್ಲಿರಲಿ. ಸಂಘದ ಲೆಕ್ಕವೇ ಅಳಿಸಿಹೋದಾಗ ಸದಸ್ಯರನ್ನು ಕಾಪಾಡಿದ್ದು ಅವರವರ ಮನೆಯ ಚೀಟಿಯೇ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಚೀಟಿ ಸಿಕ್ಕದ ಸದಸ್ಯರು ಮಂಡಿಗೆ ಅಡಿಕೆ ತಂದ ದಿನ, ವಾಹನ, ಜೊತೆಗಿದ್ದವರ ಹೆಸರು ಇವನ್ನು ನೆನಪಿದ್ದಷ್ಟು ಬರೆದು ಕಚೇರಿಗೆ ತಲುಪಿಸಿದರೆ, ಅದನ್ನೇ ಆಧಾರವಾಗಿಟ್ಟು ಮುಂದಿನ ಸಭೆಯಲ್ಲಿ ಪರಿಶೀಲಿಸುತ್ತೇವೆ.